ಈ ಸೋಫಾ ನಿಮ್ಮದೂ ಸೋಫಾ

ಮೊನ್ನೆ ಸೋಫಾದ ಕವರುಗಳನ್ನು ಒಗೆಯಲೆಂದು ಕಳಚುತ್ತಿದ್ದಾಗ ಸಂದಿಯೊಳಗಿಂದ ನಮ್ಮ ಯಜಮಾನರ ಇಯರ್‌ಫೋನು ಹೊರಬಂತು. ಅದರ ಹಿಂದೆಯೇ ಒಂದಿಷ್ಟು ಚುರುಮುರಿ, ಒಂದು ತಲೆಪಿನ್ನು, ಯಾರೋ ಅರ್ಧ ತಿಂದು ಮರೆಮಾಡಿದ ಬಿಸ್ಕತ್ತು. ಹಿಂದಿನ ಬೇಸಿಗೆಯಲ್ಲಿ ಈ ಇಯರ್‌ಫೋನು ಕಾಣೆಯಾದಾಗ ನಮ್ಮ ಮನೆಯಲ್ಲಿ ನಡೆದ ಹುಡುಕಾಟ ಬಂಗಾರದ ಸರ ಕಳೆದಿದ್ದರೂ ನಡೆಯುತ್ತಿರಲಿಲ್ಲ. "ನನ್ನ ಇಂಗ್ಲೀಷ್ ಕಂಡ್ರ ನಿನಗ ಹೊಟ್ಟಿಕಿಚ್ಚು. ನೀನ ಎಲ್ಲೋ ಬಚ್ಚಿಟ್ಟೀದಿ" ಎಂದು ಅವರು ನನ್ನ ಮೇಲೆಯೇ ಆಪಾದನೆ ಹೊರಿಸಿದ್ದರು. "ಬಚ್ಚಿಡೂದಾಗಿದ್ರ ಮೊಬೈಲನ್ನ ಬಚ್ಚಿಡ್ತಿದ್ದೆ" ಎಂದು ನಾನೂ ಹೇಳಿದ್ದೆ. ಅದು ಕಳೆದ ದಿನದಿಂದ ಅವರ ಪಾಠಗಳು ಕಿವಿಯೊಳಗಿಂದ ಹೊರಬಿದ್ದು ಇಡೀ ಓಣಿಗೆ ಕೇಳತೊಡಗಿದವು. ನಮ್ಮ ಓಣಿಯ ಹುಡುಗರು ಇವತ್ತಿಗೂ ಗೋಲಿಯಾಟದಲ್ಲಿ ಜಗಳ ಬಂದರೆ ಒಬ್ಬರ ಅಂಗಿಯನ್ನೊಬ್ಬರು ಹಿಡಿದು "ಐ ಬೆಗ್ ಯುವರ್ ಪಾರ್ಡನ್" ಎನ್ನುತ್ತಾರೆ. ಅದನ್ನು ಅವರು ಬೈಗುಳ ಎಂದುಕೊಂಡಿದ್ದಾರೆ. ಯಜಮಾನರು ಹೇಳುತ್ತಿದ್ದ ದನಿ ಕೇಳಿದವರಿಗೆ ಹಾಗೆ ಅನ್ನಿಸಿದ್ದರೆ ತಪ್ಪೇನಿಲ್ಲ.

ಇಂಗ್ಲಿಷು ನಮ್ಮ ಮನೆಗೆ ಬಂದದ್ದು ಮಗಳಿಗೆ ಬಂದ ಒಂದು ಸಂಬಂಧದ ಹಿಂದೆ. ಮೊದಲು ನಮ್ಮ ಮನೆಯ ವಿಷಯ ಹೇಳಿಬಿಡುತ್ತೇನೆ. ಯಲಬುರ್ಗಾದ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ಮಗಳು ಭಾಗ್ಯ ಕೃಷಿ ಪದವಿ ಮುಗಿಸಿ ಕೊಪ್ಪಳದ ಒಂದು ಬೀಜದ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ, ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಯಜಮಾನರು, ಅಂದರೆ ಶರಣಪ್ಪನವರು, ಬಜಾರದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದಾರೆ. ಕೊಡ, ತಂಬಿಗೆ, ಪರಾತ, ಕುಕ್ಕರು, ಮದುವೆಗೆ ಕೊಡುವ ಹರಿವಾಣಗಳ ನಡುವೆ ಕುಳಿತು ಅವರು ವ್ಯಾಪಾರ ಮಾಡುವುದನ್ನು ನೀವು ನೋಡಬೇಕು. ಕನ್ನಡದವರು ಬಂದರೆ ಕನ್ನಡ, ಮುಸಲ್ಮಾನರು ಬಂದರೆ ಉರ್ದು, ತಾಂಡಾದವರು ಬಂದರೆ ಲಂಬಾಣಿ, ಗಂಗಾವತಿ ಕಡೆಯ ಕ್ಯಾಂಪಿನವರು ಯಾರಾದರೂ ಇತ್ತ ಬಂದರೆ ತೆಲುಗು. ಎಲ್ಲ ಭಾಷೆಯಲ್ಲೂ ಚೌಕಾಸಿಗೆ ಇಳಿದು, ಎಲ್ಲದರಲ್ಲೂ ಸೋತವರಂತೆ ಮುಖ ಮಾಡಿ, ಎಲ್ಲದರಲ್ಲೂ ಗೆದ್ದು ಬರುವ ಮನುಷ್ಯ. ಅಂಥವರು ಮನೆಗೆ ಬಂದು ಕಾಲು ತೊಳೆದುಕೊಳ್ಳುತ್ತ "ನನಗ ಲ್ಯಾಂಗ್ವೇಜ್ ಬರೂದಿಲ್ಲ, ನೋಡು" ಎಂದು ನಿಟ್ಟುಸಿರು ಬಿಡುತ್ತಿದ್ದರು. ನಮ್ಮ ಕಡೆ ಲ್ಯಾಂಗ್ವೇಜ್ ಎಂದರೆ ಒಂದೇ. ಉಳಿದವೆಲ್ಲ ಬರೇ ಮಾತು.

ಸಂಬಂಧ ತಂದವನು ಕುಷ್ಟಗಿಯ ಸಂಗಪ್ಪ, ಯಜಮಾನರ ಚಿಕ್ಕಪ್ಪನ ಮಗ. ಅವನು ನಮ್ಮಲ್ಲಿಗೆ ಬರುವಾಗಲೆಲ್ಲ ಒಂದು ಗಂಡಿನ ಸುದ್ದಿ ತರುತ್ತಾನೆ, ಊಟ ಮಾಡುತ್ತಾನೆ, ಸುದ್ದಿ ಬಿಟ್ಟು ಹೋಗುತ್ತಾನೆ. ಆ ದಿನ ಊಟಕ್ಕೆ ಮೊದಲೇ ಶುರುಮಾಡಿದ.

"ಅಣ್ಣಾ, ಗಂಗಾವತ್ಯಾಗ ಒಂದು ಮನೆತನ ಐತಿ. ಅಕ್ಕಿ ಮಿಲ್ಲು. ಹುಡುಗ ಹೊಸಪೇಟ್ಯಾಗ ಬ್ಯಾಂಕಿನ ಮ್ಯಾನೇಜರ. ಬ್ಯಾರೆ ಏನೂ ಕೇಳೂದಿಲ್ಲ ಅವರು. ಒಂದ ಮಾತು, ಮನ್ಯಾಗ ಬರೇ ಇಂಗ್ಲೀಷ. ಅವರ ನಾಯಿ ಸೈತ ಸಿಟ್ ಅಂದ್ರ ಕುಂದ್ರತೈತಿ. ಕುಂದ್ರು ಅಂದ್ರ ಕುಂದ್ರಂಗಿಲ್ಲ."

"ಸಂಗಪ್ಪಾ, ನಾವು ಹುಡುಗನ್ನ ನೋಡಾಕತ್ತೀವೋ ನಾಯೀನೋ?" ಎಂದೆ ನಾನು.

"ನೀವು ಹಿಂಗ ಅಂತೀರಂತನ ಅಂಜಿದ್ದೆ ವೈನಿ. ಒಂದೀಟು ಕಲ್ತಿರ್ರಿ. ಈಗೇನು ಸಾಲಿಗೆ ಹೋಗಬೇಕಂತಿಲ್ಲ. ಮೊಬೈಲಿನ್ಯಾಗ ಸಣ್ಣ ಸಣ್ಣ ವಿಡಿಯೋ ಬರ್ತಾವ. ಒಲಿ ಮ್ಯಾಲ ಹಾಲು ಉಕ್ಕೂದ್ರಾಗ ಒಂದು ಪಾಠ ಮುಗೀತೈತಿ."

ಯಜಮಾನರು ಅಂದಿನಿಂದಲೇ ಶಿಷ್ಯತ್ವ ವಹಿಸಿದರು. ಅವರು ಆರಿಸಿಕೊಂಡ ಗುರುವಿನ ಹೆಸರು ನನಗೆ ಈಗಲೂ ಗೊತ್ತಿಲ್ಲ, ಮನೆಯಲ್ಲಿ ನಾವು "ಸರ್" ಎಂದೇ ಕರೆಯುತ್ತಿದ್ದೆವು. ತೆಳ್ಳಗಿನ ದೇಹ, ಕೆಂಪು ಟೈ, ಹಿಂದೆ ಯಾವುದೋ ದೇಶದ ಗಡಿಯಾರದ ಗೋಪುರದ ಚಿತ್ರ. ಒಂದು ವಾಕ್ಯ ಹೇಳಿ, ಬಲಗೈಯನ್ನು ಕಿವಿಗೆ ಹಚ್ಚಿ, ಕಣ್ಣುಮುಚ್ಚಿ ಸುಮ್ಮನೆ ನಿಲ್ಲುತ್ತಿದ್ದರು. ಆ ಹೊತ್ತಿನಲ್ಲಿ ನಾವು ಆ ವಾಕ್ಯವನ್ನು ತಿರುಗಿ ಹೇಳಬೇಕು. ಯಜಮಾನರು ಹೇಳಿ ಮುಗಿಸಿದ ಮೇಲೆ ಸರ್ ಕಣ್ತೆರೆದು "ವೆರಿ ಗುಡ್" ಎನ್ನುವರು. ಯಜಮಾನರ ಮುಖ ಅರಳುತ್ತಿತ್ತು. ಮದುವೆಯಾದಾಗಿನಿಂದ ನಾನು ಎಷ್ಟೋ ಸಲ ಅವರನ್ನು ಹೊಗಳಿದ್ದೇನೆ, ಹಾಗೆ ಅರಳಿದ್ದನ್ನು ಕಂಡಿಲ್ಲ. ಅವರು ತಪ್ಪು ಹೇಳಿದಾಗಲೂ ಸರ್ ವೆರಿ ಗುಡ್ ಎನ್ನುತ್ತಿದ್ದರು ಎನ್ನುವುದು ಬೇರೆ ಮಾತು.

ಪಾಠಗಳಿಗೆ ಸಂದರ್ಭದ ಹೆಸರಿತ್ತು. ಅತಿಥಿಗಳು ಮನೆಗೆ ಬಂದಾಗ, ವೈದ್ಯರಲ್ಲಿಗೆ ಹೋದಾಗ, ವಿಮಾನ ನಿಲ್ದಾಣದಲ್ಲಿ, ನೌಕರಿಯ ಸಂದರ್ಶನದಲ್ಲಿ. ರೊಟ್ಟಿ ಬಡಿಯುತ್ತ ಅವನ್ನೆಲ್ಲ ಕೇಳಿಸಿಕೊಂಡ ನನಗೆ ಒಂದು ಅನುಮಾನ. ಆ ಇಂಗ್ಲಿಷಿನ ಊರಿನಲ್ಲಿ ನಳ ಬಂತಾ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕರೆಂಟು ಹೋಗುವುದಿಲ್ಲ. ಯಾರ ಮನೆಯ ಸೊಸೆಯೂ ಮುನಿಸಿಕೊಂಡು ತವರಿಗೆ ಹೋಗಿರುವುದಿಲ್ಲ. ಎಲ್ಲರೂ ವಿಮಾನಕ್ಕೆ ಕಾಯುತ್ತ, ಒಬ್ಬರಿಗೊಬ್ಬರು ಉಪ್ಪಿನ ಡಬ್ಬಿ ದಾಟಿಸುತ್ತ, ಹವಾಮಾನ ಚೆನ್ನಾಗಿದೆ ಎನ್ನುತ್ತ ಬದುಕಿರುತ್ತಾರೆ. ನಮ್ಮ ಯಲಬುರ್ಗಾದ ಏಪ್ರಿಲ್ಲಿಗೆ ಒಂದು ದಿನ ಬಂದು ಹವಾಮಾನದ ಬಗ್ಗೆ ಮಾತಾಡಲಿ ಅವರು.

ಯಜಮಾನರು ಕಲಿತದ್ದನ್ನು ಅಂದೇ ಅಂಗಡಿಯಲ್ಲಿ ಖರ್ಚು ಮಾಡುತ್ತಿದ್ದರು. ಹಳೆಯ ಗಿರಾಕಿ ಅಮೀನಾಬಿ ಒಂದು ಕೊಡ ಬೇಕೆಂದು ಬಂದಾಗ ಇವರು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು "ಹೌ ಮೇ ಐ ಹೆಲ್ಪ್ ಯು" ಎಂದರಂತೆ. ಆಕೆ ಕೊಡ ಮರೆತು ಇವರನ್ನೇ ನೋಡಿದಳಂತೆ. "ಯಾಕ್ರಿ ಸಾವ್ಕಾರ್ರ, ತಬಿಯತ್ ಛಲೋ ಇಲ್ಲೇನು? ಎದಿ ಹಿಡಕೊಂಡೀರಿ. ಕುಂದರ್ರಿ, ಮಗನ್ನ ಕರೀತೀನಿ, ಆಟೋ ತರ್ತಾನ." ಆಟೋ ಬಂದೇಬಿಟ್ಟಿತು. ಇವರು ಅದನ್ನು ವಾಪಸು ಕಳಿಸಲು ಪಟ್ಟ ಪಾಡು ಉರ್ದುವಿನಲ್ಲೇ ನಡೆಯಿತು.

ನಾನು ನಗುತ್ತಿದ್ದೆ ಎಂದು ಹೇಳಿ ನುಣುಚಿಕೊಳ್ಳಲಾರೆ. ನಾನೂ ಆ ವಿಡಿಯೋ ನೋಡುತ್ತಿದ್ದೆ. ನವೆಂಬರಿನಲ್ಲಿ ಶಾಲೆಯ ವೇದಿಕೆ ಹತ್ತಿ ಕನ್ನಡದ ಬಗ್ಗೆ ಭಾಷಣ ಬಿಗಿಯುವವಳು ನಾನು. ಅದೇ ನಾನು ಬಿಡುವಿನ ಪಿರಿಯಡ್ಡಿನಲ್ಲಿ ಸ್ಟಾಫ್‌ರೂಮಿನ ಮೂಲೆಯಲ್ಲಿ, ಮೊಬೈಲಿನ ದನಿ ಬಂದ್ ಮಾಡಿ, ಸರ್ ಅವರ ತುಟಿಯನ್ನು ನೋಡಿಕೊಂಡು ತುಟಿ ಅಲ್ಲಾಡಿಸುತ್ತಿದ್ದೆ. ಸಹೋದ್ಯೋಗಿಗಳು ಜಪ ಮಾಡುತ್ತಿದ್ದೇನೆ ಎಂದುಕೊಂಡರು. ಭಕ್ತಿಯ ಮಟ್ಟಿಗೆ ಅದು ಸರಿಯೇ.

ನಮ್ಮ ಕಾಲದ ಇಂಗ್ಲಿಷು ಹೇಗಿತ್ತೆಂದು ನಿಮಗೂ ಗೊತ್ತಿರುತ್ತದೆ. ಐದನೆಯ ಇಯತ್ತೆಯಲ್ಲಿ ಮಾಸ್ತರು ಕಲಿಸಿದ ರಜಾ ಚೀಟಿಯೊಂದೇ ನಮ್ಮ ಸಾಹಿತ್ಯ. ಅದರಲ್ಲಿ ನಾವು ಫೀವರಿನಿಂದ ನರಳುತ್ತಿದ್ದೆವು. ಬೇರೆ ರೋಗದ ಹೆಸರು ಮಾಸ್ತರಿಗೂ ಬರುತ್ತಿರಲಿಲ್ಲವೋ ಏನೋ. ನನ್ನ ತಮ್ಮ ಬೇವಿನ ಮರದಿಂದ ಬಿದ್ದು ಕೈ ಮುರಿದುಕೊಂಡಾಗಲೂ ಫೀವರೆಂದೇ ಬರೆದುಕೊಟ್ಟೆವು. ಮಾಸ್ತರು ಚೀಟಿ ಓದಿ, ಅವನ ಕೊರಳಿಗೆ ತೂಗುಬಿದ್ದ ಕೈಯನ್ನು ನೋಡಿ, "ಜ್ವರ ಇಳೀತೇನೋ?" ಎಂದು ಕೇಳಿದರು. ಅವನು "ಇಳೀತ್ರಿ ಸರ್" ಎಂದ.

ಇನ್ನೂ ಹಿಂದೆ ಹೋದರೆ ನಮ್ಮ ಅಜ್ಜ. ನಿಜಾಮರ ಕಾಲದಲ್ಲಿ ಉರ್ದು ಸಾಲಿ ಕಲಿತವರು, ತಹಸೀಲಿನಲ್ಲಿ ಕಾರಕೂನರಾಗಿದ್ದವರು. ಅವರ ಹಸಿವು, ನಿದ್ದೆ, ನೆಗಡಿ ಎಲ್ಲ ಕನ್ನಡದಲ್ಲಿ. ಸಿಟ್ಟು ಮಾತ್ರ ಉರ್ದುವಿನಲ್ಲಿ. ಅಜ್ಜಿಯನ್ನು ಗದರಬೇಕಾದರೆ ಅವರು ಉರ್ದುವಿಗೆ ಏರುತ್ತಿದ್ದರು. ಅಜ್ಜಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ತಿಳಿಯದ್ದಕ್ಕೇ ನಡುಗುತ್ತಿದ್ದಳು. ಆ ಮಾತುಗಳು ನನ್ನ ಕಿವಿಯಲ್ಲಿ ಉಳಿದಿದ್ದವು. ಮದುವೆಯಾದ ಮೇಲೆ ಯಜಮಾನರಿಗೆ ಹೇಳಿ ಅರ್ಥ ಕೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜ ಅಜ್ಜಿಗೆ ಹೇಳುತ್ತಿದ್ದದ್ದು ಇಷ್ಟೇ: ದರಖಾಸ್ತು ಕೊಡು, ಸಾಹೇಬರು ಕ್ಯಾಂಪಿಗೆ ಹೋಗಿದ್ದಾರೆ, ನಾಳೆ ಬಾ. ಕಚೇರಿಯ ಮಾತು ಬಿಟ್ಟರೆ ಅಜ್ಜನಿಗೂ ಬೇರೆ ಉರ್ದು ಬರುತ್ತಿರಲಿಲ್ಲ. ಅಷ್ಟರಲ್ಲೇ ಒಂದು ಹೆಣ್ಣುಜೀವವನ್ನು ಆಯುಷ್ಯವಿಡೀ ಹೆದರಿಸಿಟ್ಟಿದ್ದರು. ನಾನು ನಗಲಿಲ್ಲ.

ಭಾಗ್ಯಳ ವಿಚಾರ ಬೇರೆ. ಕಂಪನಿಯ ದೊಡ್ಡ ಆಫೀಸಿನವರೊಡನೆ ಅವಳು ಫೋನಿನಲ್ಲಿ ಇಂಗ್ಲಿಷ್ ಮಾತಾಡುವುದನ್ನು ಕೇಳಿದ್ದೇನೆ. ಮೊಳಕೆ, ತೇವ, ಚೀಲ, ಲಾರಿ ಅಂತ ಕೆಲಸದ ಮಾತು ಮುಗಿಸಿ ಇಡುತ್ತಾಳೆ. ಅವಳಿಗೆ ಅದು ಬಸ್ಸಿನ ಪಾಸಿನ ಹಾಗೆ, ಬೇಕಾದಾಗ ತೆಗೆಯುವುದು, ತೋರಿಸಿ ಒಳಗಿಡುವುದು. ಅಪ್ಪ ಕೈಯನ್ನು ಕಿವಿಗೆ ಹಚ್ಚಿ ಕುಳಿತದ್ದನ್ನು ನೋಡಿ ಅವಳು ಒಂದೇ ಸಲ ಕೇಳಿದಳು. "ಅಪ್ಪಾ, ನನ್ನ ಮದುವಿಗೆ ನೀನ್ಯಾಕ ಪರೀಕ್ಷಾಕ್ಕ ಕುಂತೀದಿ?"

"ನಾಳೆ ಆ ಮನ್ಯಾಗ ನಿಮ್ಮಪ್ಪಗ ಇಂಗ್ಲೀಷ್ ಬರೂದಿಲ್ಲ ಅಂತ ನಿನಗ ಯಾರೂ ಅನಬಾರದವ್ವಾ" ಎಂದರು ಅವರು. ಅವಳು ಎದ್ದು ಅವರ ಮೊಬೈಲನ್ನು ಚಾರ್ಜಿಗೆ ಹಾಕಿದಳು. ನಾನೂ ಸ್ವಲ್ಪ ದಿನ ಅವರನ್ನು ಅಣಕಿಸುವುದನ್ನು ಬಿಟ್ಟೆ.

ಗಂಡಿನ ಕಡೆಯವರು ಏಪ್ರಿಲಿನ ಒಂದು ಭಾನುವಾರ ಬಂದರು. ಹುಡುಗ ಕಿರಣ್, ಅವನ ತಂದೆ ಮಲ್ಲಿಕಾರ್ಜುನಪ್ಪ, ತಾಯಿ ಗಿರಿಜಮ್ಮ, ಜೊತೆಗೆ ಸಂಗಪ್ಪ. ಅವರು ಕಾರಿನಿಂದ ಇಳಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ತುಂಬು ತೋಳಿನ ಅಂಗಿ ತೊಟ್ಟು, ಅದರ ಕೊನೆಯ ಗುಂಡಿಯನ್ನೂ ಹಾಕಿಕೊಂಡಿದ್ದ ಯಜಮಾನರ ಹಣೆಯಿಂದ ಬೆವರು ನೇರ ಮೂಗಿಗೆ ಇಳಿಯುತ್ತಿತ್ತು. ಅದನ್ನು ಒರೆಸಿಕೊಂಡು ಅವರು ಆರಂಭಿಸಿದರು.

"ವೆಲ್‌ಕಮ್, ವೆಲ್‌ಕಮ್. ದಿ ವೆದರ್ ಈಸ್ ವೆರಿ ಪ್ಲೆಸೆಂಟ್ ಟುಡೇ."

ಮಲ್ಲಿಕಾರ್ಜುನಪ್ಪನವರು ದಪ್ಪಗಿನ ಆಳು. ಕರವಸ್ತ್ರದಿಂದ ಕುತ್ತಿಗೆ ಒತ್ತಿಕೊಳ್ಳುತ್ತ, ನಿಂತುಹೋದ ಫ್ಯಾನನ್ನೊಮ್ಮೆ ನೋಡಿ, "ಇಂಡೀಡ್, ಇಟ್ ಈಸ್ ವೆರಿ ಪ್ಲೆಸೆಂಟ್" ಎಂದರು.

ನನಗೆ ಎಲ್ಲೋ ಕೇಳಿದಂತಾಯಿತು. ಇರಲಿ, ಇಂಗ್ಲಿಷಿನಲ್ಲಿ ಎಲ್ಲರೂ ಹಾಗೇ ಹೇಳುತ್ತಾರೇನೋ ಅಂದುಕೊಂಡೆ. ಅಷ್ಟರಲ್ಲಿ ಯಜಮಾನರು ಸೋಫಾದತ್ತ ಕೈತೋರಿಸಿ ಆ ವಾಕ್ಯ ಬಿಟ್ಟರು. "ಪ್ಲೀಸ್ ಫೀಲ್ ಅಟ್ ಹೋಮ್. ದಿಸ್ ಸೋಫಾ ಈಸ್ ಆಲ್ಸೋ ಯುವರ್ ಸೋಫಾ."

ಈ ವಾಕ್ಯ ನಮ್ಮ ಸರ್ ಬಿಟ್ಟರೆ ಜಗತ್ತಿನಲ್ಲಿ ಬೇರೆ ಯಾರೂ ಹೇಳಲಾರರು. ಭಾಗ್ಯ ಅದನ್ನು ಕೇಳಿದಾಗಲೆಲ್ಲ ದಿಂಬಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು. ಈಗ ಮಲ್ಲಿಕಾರ್ಜುನಪ್ಪನವರು ಎದೆಯ ಮೇಲೆ ಕೈಯಿಟ್ಟು, ತಲೆಯನ್ನು ತುಸು ಎಡಕ್ಕೆ ವಾಲಿಸಿ, "ಸೋ ಕೈಂಡ್ ಆಫ್ ಯು. ಇನ್ ಯುವರ್ ಸೋಫಾ ಐ ಫೀಲ್ ಮೈ ಸೋಫಾ" ಎಂದರು. ಅಕ್ಷರಕ್ಕೆ ಅಕ್ಷರ ಅದೇ ಪಾಠದ ಉತ್ತರ. ಹೇಳಿ ಮುಗಿಸಿದ ಅವರ ಬಲಗೈ ಕಿವಿಯ ತನಕ ಏರಿ, ಏನನ್ನೋ ನೆನೆಸಿಕೊಂಡು ಕೆಳಗಿಳಿಯಿತು.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅಕ್ಕಿ ಮಿಲ್ಲಿನ ಧಣಿ ಮತ್ತು ಪಾತ್ರೆ ಅಂಗಡಿಯ ಧಣಿ, ಇಬ್ಬರೂ ಒಂದೇ ಗುರುವಿನ ಮಕ್ಕಳು. ನಾಯಿಯನ್ನೂ ಸೇರಿಸಿದರೆ ಮೂವರು. ಪಾಠ ಸರಾಗ ಮುಂದುವರಿಯಿತು. ಪ್ರಯಾಣ ಸುಖವಾಗಿತ್ತೇ ಎಂದು ಇವರು, ಸುಖವಾಗಿತ್ತು ಎಂದು ಅವರು. ಚಹಾನೋ ಕಾಫಿಯೋ ಎಂದು ಇವರು, ಯಾವುದಾದರೂ ಸಂತೋಷವೇ ಎಂದು ಅವರು. ಅಲ್ಲಿಗೆ ವಿಡಿಯೋ ಮುಗಿಯುತ್ತದೆ. ಅಲ್ಲಿಗೆ ಇವರ ಮಾತೂ ಮುಗಿಯಿತು. ಇಬ್ಬರೂ ಮಂದಹಾಸ ಇಟ್ಟುಕೊಂಡು ಒಬ್ಬರನ್ನೊಬ್ಬರು ನೋಡುತ್ತ ಕುಳಿತರು. ಸಂಗಪ್ಪ ಒಬ್ಬನೇ "ಹೆಂಗ ಮಾತಾಡ್ತಾರ ನೋಡ್ರಿ" ಎನ್ನುವಂತೆ ನನ್ನತ್ತ ಹುಬ್ಬು ಕುಣಿಸಿದ.

ಗಿರಿಜಮ್ಮ ಬಂದಾಗಿನಿಂದ ತುಟಿ ಬಿಚ್ಚಿರಲಿಲ್ಲ. ಇಳಕಲ್ ಸೀರೆಯ ಸೆರಗನ್ನು ಮೊಣಕಾಲ ಮೇಲೆ ಮಡಿಸುತ್ತ ಬಿಚ್ಚುತ್ತ ಕುಳಿತಿದ್ದರು. ದೊಡ್ಡಸ್ತಿಕೆ ಅಂದುಕೊಂಡಿದ್ದೆ. ನಾನು ಚಹಾ ತರಲು ಅಡುಗೆಮನೆಗೆ ಹೋದಾಗ ಕೈ ತೊಳೆಯುವ ನೆಪ ಮಾಡಿಕೊಂಡು ಹಿಂದೆಯೇ ಬಂದರು. ಬಂದವರು ಬಾಗಿಲ ಕಡೆಗೊಮ್ಮೆ ನೋಡಿ, "ಅಕ್ಕಾರ, ಇಲ್ಲಿ ಕನ್ನಡ ಮಾತಾಡಬಹುದೇನ್ರಿ?" ಎಂದು ಪಿಸುಗುಟ್ಟಿದರು.

ನನ್ನ ಕೈಯೊಳಗಿನ ಚಹಾ ಸಾಣಿಗೆ ಹಾಗೇ ನಿಂತಿತು. "ಇದೆಂಥ ಮಾತ್ರಿ. ಮಾತಾಡ್ರಿ" ಎಂದೆ.

"ಶಿವರಾತ್ರಿಯಿಂದ ಹಿಂಗ ಆಗೇತ್ರಿ. ಹುಡುಗಗ ದೊಡ್ಡ ದೊಡ್ಡ ಮನೆತನ ಬರಾಕತ್ತಾವ, ಇನ್ನ ಮನ್ಯಾಗ ಕನ್ನಡ ಬ್ಯಾಡ ಅಂದ್ರು. ನನಗ ಬರೂದಿಲ್ಲ ಅಂದೆ. ಬರೂತನ ಬಾಯಿ ಮುಚ್ಕೊಂಡಿರು ಅಂದ್ರು. ಮುಚ್ಕೊಂಡೀನಿ."

"ಪೂರಾ?"

"ಎಸ್ಸು, ನೋ, ಥ್ಯಾಂಕ್ಯು ಬರ್ತಾವ್ರಿ. ಮೊನ್ನಿ ಹಲ್ಲು ಭಾಳ ನೋವಾಗಿತ್ತು. ಹಲ್ಲಿಗೆ ಟೂತ್ ಅಂತಾರ, ಗೊತ್ತಿತ್ತು. ನೋವಿಗೆ ಏನಂತಾರ ತಿಳೀಲಿಲ್ಲ. ಹಲ್ಲು ತೋರಿಸಿ ಟೂತ್ ಟೂತ್ ಅಂದೆ. ಹೌದು, ಅದು ಟೂತ, ವೆರಿ ಗುಡ್ ಅಂದ್ರು. ಹಂಗ ಇದ್ದೆ, ತಾನ ಕಡಿಮಿ ಆತು."

ಹೇಳಿ ಆಕೆ ನಕ್ಕರು. ನಗುವಾಗ ಕೆನ್ನೆ ಒಂದು ಬದಿ ಇನ್ನೂ ಸ್ವಲ್ಪ ಊದಿದ್ದು ಕಂಡಿತು. ನನಗೆ ನಮ್ಮಜ್ಜಿ ಕಣ್ಮುಂದೆ ಬಂದಳು. ಆಮೇಲೆ ಆಕೆ ನಿಲ್ಲಲೇ ಇಲ್ಲ. ಶೇಂಗಾ ಚಟ್ನಿಗೆ ಎಷ್ಟು ಬೆಳ್ಳುಳ್ಳಿ ಹಾಕುತ್ತೀರಿ ಎಂದರು, ತವರು ಕುಕನೂರಿನ ಹತ್ತಿರ ಎಂದರು, ಅಲ್ಲಿ ಮಾತಾಡುತ್ತಿದ್ದ ಹಾಗೆ ಗಂಗಾವತಿಯಲ್ಲಿ ಯಾರೂ ಮಾತಾಡುವುದಿಲ್ಲ ಎಂದರು, ನಮ್ಮ ಓಣಿಯಲ್ಲಿ ಸೀರೆಗೆ ಕುಚ್ಚು ಕಟ್ಟುವವರಿದ್ದಾರಾ ಎಂದರು. ಬಿಸಿ ಮಿರ್ಚಿಯೊಂದನ್ನು ತಟ್ಟೆಯಿಂದ ಎತ್ತಿ, ಕಚ್ಚಿ, ಬಾಯಿ ತೆರೆದು ಉಫ್ ಉಫ್ ಎಂದು ಉಸಿರು ಬಿಡುತ್ತಲೇ ಮಾತಾಡಿದರು. ಚಹಾ ಎರಡು ಸಲ ಉಕ್ಕಿತು. ಹೊರಗಿನಿಂದ "ಗಿರಿಜಾ, ಕಮ್" ಎಂಬ ಗಂಡನ ದನಿ ಬಂದ ಕೂಡಲೇ ಮಾತಿನ ಮಧ್ಯದಲ್ಲೇ ನಿಲ್ಲಿಸಿದರು. ಬಾಯೊರೆಸಿಕೊಂಡು, ಮುಖವನ್ನು ಮೊದಲಿನ ಹಾಗೆ ಮಾಡಿಕೊಂಡು ಹೋಗಿ ಕುಳಿತರು. ಅದನ್ನು ನೋಡುವುದು ಹಲ್ಲುನೋವಿನ ಕಥೆ ಕೇಳಿದ್ದಕ್ಕಿಂತ ಕಷ್ಟವಾಯಿತು.

ಭಾಗ್ಯ ಮಿರ್ಚಿ, ಮಂಡಾಳ ಒಗ್ಗರಣೆಯ ತಟ್ಟೆ ಹಿಡಿದು ಬಂದಳು. ಮಲ್ಲಿಕಾರ್ಜುನಪ್ಪನವರು ಮಿರ್ಚಿಯನ್ನು ಚಮಚದಿಂದ ತುಂಡರಿಸಲು ಹೋದಾಗ ಅದು ಜಾರಿ ಟೀಪಾಯಿಯ ಕೆಳಗೆ ಹೋಯಿತು. ಯಾರೂ ನೋಡದವರಂತೆ ಇದ್ದೆವು. ಅವರು ಗಂಟಲು ಸರಿಮಾಡಿಕೊಂಡು ಭಾಗ್ಯಳನ್ನು ಎದುರಿಗೆ ಕೂರಿಸಿ, "ಟೆಲ್ ಅಬೌಟ್ ಯುವರ್‌ಸೆಲ್ಫ್" ಎಂದರು. ಅವಳು ತನ್ನ ಹೆಸರು, ಓದು, ಕೆಲಸ ಎಲ್ಲವನ್ನೂ ಕನ್ನಡದಲ್ಲಿ ಹೇಳಿದಳು. ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮುಂದಿನ ವಾಕ್ಯ ಮರೆತುಹೋಗದ ಹಾಗೆ ಹಿಡಿದುಕೊಂಡು ಕುಳಿತಿದ್ದರು.

"ವೈ ಶುಡ್ ವಿ ಸೆಲೆಕ್ಟ್ ಯು?"

ಸಂದರ್ಶನದ ಪಾಠ. ನಾವು ನಿಮ್ಮನ್ನೇ ಯಾಕೆ ಆರಿಸಬೇಕು. ಕನ್ನಡದಲ್ಲಿ ಹೆಣ್ಣು ನೋಡಲು ಬಂದವರು ಯಾರೂ ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ, ಹಾಡು ಬರುತ್ತದಾ, ಅಡುಗೆ ಬರುತ್ತದಾ ಎಂದು ಸುತ್ತಿ ಬಳಸಿ ಕೇಳುತ್ತಾರೆ. ಇಂಗ್ಲಿಷಿನ ದೆಸೆಯಿಂದ ಒಳಗಿನ ಮಾತು ನೇರ ಹೊರಗೆ ಬಂತು. ಯಜಮಾನರಿಗೂ ಅರ್ಥವಾಯಿತು. ಅವರ ಮುಖದ ಮೇಲಿನ ಮಂದಹಾಸ ಅಲ್ಲೇ ಇತ್ತು, ಅದರ ಹಿಂದೆ ಯಾರೂ ಇರಲಿಲ್ಲ.

ಭಾಗ್ಯ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟಳು. "ಯಾವ ಕೆಲಸಕ್ಕ್ರಿ?" ಎಂದು ಕೇಳಿದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವ ಹಾಗೆ ಕೇಳಿದಳು. ಕಿರಣ್ ಫಕ್ಕನೆ ನಕ್ಕುಬಿಟ್ಟ, ನಕ್ಕವನು ಅಪ್ಪನ ಮುಖ ನೋಡಿ ಚಹಾ ಲೋಟದೊಳಗೆ ಮುಖ ಇಳಿಸಿದ. ಮಲ್ಲಿಕಾರ್ಜುನಪ್ಪನವರು ತಾವು ಕಲಿತ ಎಲ್ಲ ಪಾಠಗಳಲ್ಲೂ ಇದಕ್ಕೆ ಉತ್ತರ ಹುಡುಕಿದರು. ಸಿಗಲಿಲ್ಲ. ಎದ್ದು, "ಥ್ಯಾಂಕ್ಯು ಫಾರ್ ಯುವರ್ ಟೈಮ್" ಎಂದರು. ಅದೂ ಸಂದರ್ಶನದ ಪಾಠದ್ದೇ.

ಅವರು ಹೋದ ಮೇಲೆ ಭಾಗ್ಯ ಹೇಳಿದಳು. "ಹುಡುಗ ಕೆಟ್ಟಂವ ಅಲ್ಲ ಯವ್ವಾ. ಆದ್ರ ನಕ್ಕಿದ್ದಕ್ಕೂ ಅವರಪ್ಪನ ಮುಖ ನೋಡಿದ. ನನಗ ಬ್ಯಾಡ." ನಾವು ಆ ಮಾತನ್ನು ಹೇಗೆ ತಿಳಿಸುವುದೆಂದು ಯೋಚಿಸುತ್ತಿದ್ದಾಗಲೇ ಸಂಗಪ್ಪನ ಫೋನು ಬಂತು. ಅವರೇ ಬೇಡ ಎಂದಿದ್ದರು. ಕಾರಣ ಕೇಳಿದರೆ ಅವನು ಬಹಳ ಹೊತ್ತು ತಡವರಿಸಿ, "ಬ್ಯಾಸರಾ ಮಾಡ್ಕೋಬ್ಯಾಡ ಅಣ್ಣಾ. ಹುಡುಗೀದೇನಿಲ್ಲ. ಅಪ್ಪಂದು ವಿಡಿಯೋ ಇಂಗ್ಲೀಷ್ ಐತಿ, ನಮ್ಮ ಲೆವೆಲ್ಲಿಗೆ ಬರೂದಿಲ್ಲ ಅಂದ್ರು" ಎಂದ.

ಯಜಮಾನರು ಅಂದು ಊಟಕ್ಕೆ ಕುಳಿತು ರೊಟ್ಟಿಯನ್ನು ಬರೀ ಮುರಿಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಏನ್ರಿ, ಆ ಮನಶ್ಯಾನೂ ನಿಮ್ಮ ಸರ್‌ನ ನೋಡಿ ಕಲ್ತಾನ. ನಿಮಗ ತಿಳೀಲಿಲ್ಲೇನು?"

"ಸೋಫಾ ಅಂದಕೂಡ್ಲೆ ತಿಳೀತು."

"ಮತ್ತ ಅಲ್ಲೇ ಯಾಕ ಅನಲಿಲ್ಲ?"

ಅವರು ಮುರಿದ ರೊಟ್ಟಿಯ ಚೂರುಗಳನ್ನು ತಟ್ಟೆಯ ಅಂಚಿಗೆ ಸರಿಸಿದರು. "ಇಂಗ್ಲೀಷಿನ್ಯಾಗ ಹೆಂಗ ಅನಬೇಕಂತ ಗೊತ್ತಾಗಲಿಲ್ಲ" ಎಂದರು.

ಭಾಗ್ಯ ಮೊದಲು ನಕ್ಕಳು. ಆಮೇಲೆ ನಾನು. ಕೊನೆಗೆ ಅವರೂ ನಕ್ಕರು, ಆದರೆ ಕಣ್ಣು ಒರೆಸಿಕೊಂಡದ್ದು ನಗುವಿನ ನೀರು ಮಾತ್ರ ಅಲ್ಲ ಎಂದು ನನಗೆ ಗೊತ್ತಿತ್ತು. ಅಂಗಡಿಯಲ್ಲಿ ಅವರು ತಿರುಗಿ ಉರ್ದು, ಲಂಬಾಣಿಗೆ ಬಂದರು. ಅಮೀನಾಬಿ ತಬಿಯತ್ ಸುಧಾರಿಸಿತೆಂದು ಹುಲಿಗೆಮ್ಮನಿಗೂ ದರ್ಗಾಕ್ಕೂ ಸಕ್ಕರೆಯ ಹರಕೆ ಒಪ್ಪಿಸಿದಳಂತೆ.

ಮಳೆಗಾಲ ಹಿಡಿದ ಮೇಲೆ ಒಂದು ಹುಣ್ಣಿಮೆಗೆ ನಾನು ಶಾಲೆಯ ಗೆಳತಿಯರ ಜೊತೆ ಹುಲಿಗೆಮ್ಮನ ಊರು ಹುಲಿಗಿಗೆ ಹೋಗಿದ್ದೆ. ಗುಡಿಯ ಮುಂದೆ ಸಾಲಿನಲ್ಲಿ ನಿಂತಾಗ ಹಿಂದಿನಿಂದ ಯಾರೋ ದೊಡ್ಡ ದನಿಯಲ್ಲಿ, ಕಾಯಿ ಮಾರುವವನೊಡನೆ ಜಗಳಾಡುತ್ತಿದ್ದರು. "ಈ ಕಾಯಿ ಒಳಗ ನೀರ ಇಲ್ಲ, ಅಳ್ಳಾಡಿಸಿ ನೋಡು. ದೇವಿಗೆ ಒಣಾ ಕಾಯಿ ಒಡೀಲೇನು?" ತಿರುಗಿ ನೋಡಿದರೆ ಗಿರಿಜಮ್ಮ. ನನ್ನನ್ನು ಕಂಡವರೇ ಕಾಯಿ ಬಿಟ್ಟು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಬೇರೆ ಕಾಯಿ ಒಡೆಸಿ, ದರ್ಶನ ಮುಗಿಸಿ ಹೊಳೆಯ ದಂಡೆಯ ಮೆಟ್ಟಿಲ ಮೇಲೆ ಕುಳಿತೆವು. ಆಕೆಯ ದನಿಗೆ ಪಕ್ಕದಲ್ಲಿ ಬಟ್ಟೆ ಹಿಂಡುತ್ತಿದ್ದವರೂ ತಿರುಗಿ ನೋಡುತ್ತಿದ್ದರು.

"ಅವರು ಇಂಗ್ಲೀಷ್ ಬಿಟ್ರೇನ್ರಿ?" ಎಂದು ಕೇಳಿದೆ. ಗಂಡ ಮನಸ್ಸು ಬದಲಿಸಿರಬೇಕು ಎಂದುಕೊಂಡಿದ್ದೆ.

"ಅವರು ಇಂಗ್ಲೀಷ್ ಎಲ್ಲಿ ಬಿಡ್ತಾರ್ರಿ. ನಾನ ಕಲ್ತೆ. ಅವರು ಮಿಲ್ಲಿಗೆ ಹೋದ ಮ್ಯಾಲ ಆ ಸರ್‌ಂದು ಹುಡುಕಿ ಹುಡುಕಿ ನೋಡಿದೆ. ಸೋಫಾ, ವಿಮಾನ ಎಲ್ಲಾ ಬಿಟ್ಟೆ. ನನಗ ಬೇಕಾದ್ದು ಒಂದ ವಾಕ್ಯ ಇತ್ತು. ಆಫೀಸಿನ ಮೀಟಿಂಗಿನ ಪಾಠದಾಗ ಸಿಕ್ತು."

ಅದರ ಹಿಂದಿನ ತಿಂಗಳು ಕಂಪ್ಲಿ ಕಡೆಯಿಂದ ಹೆಣ್ಣಿನವರು ಮನೆ ನೋಡಲು ಬಂದಿದ್ದರಂತೆ. ಗಂಡ ಎಂದಿನಂತೆ ಹವಾಮಾನದಿಂದ ಶುರುಮಾಡಿದರಂತೆ. ಹೆಣ್ಣಿನ ತಾಯಿ ಗಿರಿಜಮ್ಮನನ್ನು ಏನೋ ಕೇಳಿದಾಗ ಇವರು ಬಾಯಿ ತೆರೆದರಂತೆ. ಗಂಡ ಸುಮ್ಮನಿರು ಎಂದು ಕೈ ಎತ್ತಿದರಂತೆ.

"ನಾ ಎದ್ದು ನಿಂತೆ ಅಕ್ಕಾರ. ನಿಂತು ಅಂದೆ. ಪ್ಲೀಸ್ ಡೋಂಟ್ ಇಂಟರಪ್ಟ್ ಮಿ. ಐ ಆ್ಯಮ್ ಸ್ಪೀಕಿಂಗ್."

ಮೆಟ್ಟಿಲ ಮೇಲೆ ಅದನ್ನು ಹೇಳುವಾಗಲೂ ಆಕೆ ಎದ್ದು ನಿಂತರು. ಸರ್ ಹೇಳಿಕೊಟ್ಟ ಒತ್ತು ಒಂದೂ ತಪ್ಪಲಿಲ್ಲ.

"ಅವರೇನಂದ್ರು?"

"ಬಾಯಿ ತೆಗದ್ರು. ಏನೂ ಬರಲಿಲ್ಲ. ಆ ಪಾಠ ಅವರು ನೋಡಿಲ್ಲ ಕಾಣಸ್ತೈತಿ."

"ಆಮ್ಯಾಲ?"

"ಆಮ್ಯಾಲಿಂದೆಲ್ಲಾ ಕನ್ನಡದಾಗ ಹೇಳಿದೆ. ಅದಕ್ಕ ಯಾವ ಪಾಠನೂ ಬೇಕಾಗಲಿಲ್ಲ. ಬಂದವರು ಎದ್ದು ಹೋದ್ರೂ ಹೇಳಿದೆ. ಹಲ್ಲಿನ ನೋವಿಂದೂ ಹೇಳಿದೆ, ಮದುವಿ ಆದ ವರ್ಷದಿಂದ ಉಳಿದದ್ದೂ ಹೇಳಿದೆ. ಹೊತ್ತು ಇಳೀತು. ಕಡೀಕ ಅವರು ಸಣ್ಣ ದನೀಲೆ, ಗಿರಿಜಾ, ಹಸಿವಾಗೇತಿ, ಊಟಕ್ಕ ನೀಡು, ಅಂದ್ರು."

"ಇಂಗ್ಲೀಷಿನ್ಯಾಗ?"

"ಹಸಿವಿಗೆ ಏನಂತಾರ ಅವರಿಗೆಲ್ಲಿ ಬರ್ತೈತ್ರಿ" ಎಂದು ಗಿರಿಜಮ್ಮ ಕುಳಿತು, ಪ್ರಸಾದದ ಕಾಯಿಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು, ಎರಡೂ ದವಡೆಯಲ್ಲಿ ಅಗಿಯತೊಡಗಿದರು.